ಮೇಲಿನ ಸಾಲುಗಳನ್ನು ಮುಟ್ಟಬೇಡಿ

ಮಂಗಳವಾರ ವಡೋದರಾ, ಗುರುವಾರ ಸೂರತ್, ಮಿಕ್ಕ ದಿನಗಳಲ್ಲಿ ಅಹಮದಾಬಾದ್. ಇದು ನನ್ನ ನಿವೃತ್ತ ಜೀವನ. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಆಟೊ ಹತ್ತುವುದನ್ನು ನೋಡಿ, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ಗಂಡ ಸೋಮಾರಿ ಎಂದು ತೀರ್ಮಾನಿಸಿದ್ದಾನೆ. ಬ್ಯಾಂಕಿನಲ್ಲಿ ನಲವತ್ತು ವರ್ಷ ಸವೆಸಿ ಬಂದ ನನ್ನ ಗಂಡನಿಗೆ ಇದರ ಬಗ್ಗೆ ಬೇಸರವೇನೂ ಇಲ್ಲ. ಬೇಸರ ಇರುವುದು ನನಗೆ, ಅದೂ ರೈಲಿನ ಬಗ್ಗೆ, ಮೊಣಕಾಲಿನ ಬಗ್ಗೆ, ಸೂರತ್ ಸ್ಟೇಷನ್ನಿನ ಮೆಟ್ಟಿಲುಗಳ ಬಗ್ಗೆ.

ಕನ್ನಡದವರು ಈ ಊರಿಗೆ ಬರುವುದು ವರ್ಗಾವಣೆಯ ಆದೇಶ ಹಿಡಿದು. ಗಂಡನಿಗೆ ಬ್ಯಾಂಕಿನ ಆದೇಶ ಬಂತು, ನಾನು ದಾವಣಗೆರೆಯಿಂದ ಹಿಂದೆ ಬಂದೆ, ಬಂದವಳಿಗೆ ಇಲ್ಲಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ನಾನು ವಿಜ್ಞಾನಿಯಲ್ಲ. ವಿಜ್ಞಾನಿಗಳ ಲೆಕ್ಕಗಳನ್ನು ದೊಡ್ಡ ಕಂಪ್ಯೂಟರಿನ ಮೇಲೆ ಓಡಿಸಿಕೊಡುವವಳು. ಅವರು ಪ್ರಬಂಧ ಬರೆದು ಕೊನೆಯಲ್ಲಿ ಕೃತಜ್ಞತೆ ಹೇಳುವ ಪಟ್ಟಿಯಲ್ಲಿ ನನ್ನ ವಿಭಾಗದ ಹೆಸರು ಹಾಕುತ್ತಿದ್ದರು. ಅಷ್ಟರಲ್ಲೇ ಮೂವತ್ತು ವರ್ಷ ಕಳೆಯಿತು.

ನಿವೃತ್ತಿಯಾದ ಮೇಲೆ ಸಂಸ್ಥೆಯವರೇ ಕರೆದು ಈ ಕೆಲಸ ಕೊಟ್ಟರು. ಸಣ್ಣ ಕಾಲೇಜುಗಳಲ್ಲಿ ಸಂಶೋಧನೆ ಮಾಡಬೇಕೆನ್ನುವ ಅಧ್ಯಾಪಕರಿದ್ದಾರೆ, ಆಸಕ್ತಿ ಇರುವ ವಿದ್ಯಾರ್ಥಿಗಳಿದ್ದಾರೆ. ದೊಡ್ಡ ಲೆಕ್ಕ ಹಾಕುವ ಕಂಪ್ಯೂಟರ್ ಮಾತ್ರ ಇಲ್ಲ, ಇದ್ದರೂ ನಡೆಸಲು ಬಲ್ಲವರಿಲ್ಲ. ಹಾಗಾಗಿ ಸಂಸ್ಥೆ ತನ್ನ ಹಳೆಯ ಯಂತ್ರವನ್ನು ಮೂರು ಕಾಲೇಜುಗಳಿಗೆ ದೂರದಿಂದಲೇ ಬಳಸಲು ಬಿಟ್ಟುಕೊಟ್ಟಿತು. ಮೂರಕ್ಕೂ ಸೇರಿ ಬಲ್ಲವಳು ನಾನೊಬ್ಬಳು. ಷರತ್ತು ಒಂದೇ: ಪ್ರತಿ ಕಾಲೇಜಿನಲ್ಲೂ ಇಬ್ಬರು ವಿದ್ಯಾರ್ಥಿಗಳನ್ನು ತಯಾರು ಮಾಡಬೇಕು, ಮುಂದೆ ನನ್ನ ಅಗತ್ಯವೇ ಬೀಳದಷ್ಟು. ಅದನ್ನು ಓದಿ ನನ್ನ ಗಂಡ, “ಮನೇಲಿ ಆ ಟ್ರೈನಿಂಗ್ ಯಾವತ್ತೋ ಮುಗ್ಸಿದೀಯಲ್ಲ, ಚಹಾ ನಾನೇ ಮಾಡ್ಕೊಳ್ತೀನಿ” ಎಂದು ನಕ್ಕರು.

ಮೊದಲ ವರ್ಷ ಉತ್ಸಾಹದಿಂದಲೇ ಓಡಾಡಿದೆ. ಎರಡನೇ ವರ್ಷಕ್ಕೆ ಸುಸ್ತು ಹಿಡಿಯಿತು. ಒಂದೇ ಪಾಠವನ್ನು ಮೂರು ಊರಿನಲ್ಲಿ ಹೇಳಬೇಕು, ಪ್ರತಿ ಜೂನ್‌ನಲ್ಲಿ ಕಲಿತ ಮಕ್ಕಳು ಪಾಸಾಗಿ ಹೋಗುತ್ತಾರೆ, ಮತ್ತೆ ಅ ಆ ಇ ಈ. ಸಾಲದ್ದಕ್ಕೆ ಅಹಮದಾಬಾದಿನ ಕಾಲೇಜಿನಲ್ಲಿ ಒಬ್ಬ ಮಹಾನುಭಾವ ತನ್ನ ಲೆಕ್ಕ ಬೇಗ ಮುಗಿಯಲೆಂದು ಏನನ್ನೋ ಬದಲಾಯಿಸಿ ಇಡೀ ಯಂತ್ರವನ್ನು ಒಂದು ದಿನ ಕೂರಿಸಿಬಿಟ್ಟ. ಸಂಸ್ಥೆಯಲ್ಲಿ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನೊಬ್ಬ ನನ್ನನ್ನು ನಿಲ್ಲಿಸಿಕೊಂಡು ಮಾತನಾಡಿದ. ಅವತ್ತು ಮನೆಗೆ ಬಂದು ಒಂದು ಮಾದರಿ ಫೈಲು ಮಾಡಿದೆ.

ಈ ಫೈಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರಕ್ಕೆ ಲೆಕ್ಕ ಒಪ್ಪಿಸುವುದೆಂದರೆ ಒಂದು ಹಾಳೆಯಷ್ಟು ಸೂಚನೆ ಬರೆದು ಕೊಡುವುದು. ಯಾವ ವಸ್ತು, ಎಷ್ಟು ಪರಮಾಣು, ಎಷ್ಟು ನಿಖರವಾಗಿ, ಏನನ್ನು ಗಣನೆಗೆ ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು, ಹೀಗೆ. ಹೊಸಬರಿಗೆ ಇದು ತಲೆಬುಡ ತಿಳಿಯದು. ಆಗ ವಡೋದರಾದ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುತ್ತಿದ್ದರು. ಅವರಿಗೆಂದು ನಾನು ಬರೆದುಕೊಟ್ಟ ಸೂಚನೆಗಳು ಸೊಗಸಾಗಿ, ಬೇಗಬೇಗ ಓಡುತ್ತಿದ್ದವು. ಅದನ್ನೇ ಎತ್ತಿಕೊಂಡು ಎಲ್ಲರಿಗೂ ಮಾದರಿ ಮಾಡಿದೆ. ಅದರ ತಲೆಯಲ್ಲಿ ಎರಡು ವಾಕ್ಯ: ಕೆಳಗಿನ ಐದು ಸಾಲಿನಲ್ಲಿ ನಿಮ್ಮ ವಸ್ತುವಿನ ವಿವರ ತುಂಬಿ. ಮೇಲಿನ ಸಾಲುಗಳನ್ನು ಮುಟ್ಟಬೇಡಿ. ಈ ಎರಡನೇ ವಾಕ್ಯವನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ, ಗುಜರಾತಿಯಲ್ಲಿ ಇನ್ನೊಮ್ಮೆ ಬರೆದೆ. ಮೂರೂ ಕಾಲೇಜಿಗೆ ಕಳಿಸಿದೆ. ಆಮೇಲೆ ಯಾರೂ ಯಂತ್ರ ಕೆಡಿಸಲಿಲ್ಲ, ಪ್ರಶ್ನೆಗಳೂ ಕಡಿಮೆಯಾದವು. ನಾನು ಹಾಯಾಗಿ ರೈಲಿನಲ್ಲಿ ನಿದ್ದೆ ಮಾಡತೊಡಗಿದೆ.

ಸೂರತ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬರಿದ್ದಾರೆ. ವಯಸ್ಸು ನಲವತ್ತೇಳು. ವಾರಕ್ಕೆ ಹದಿನೆಂಟು ತರಗತಿ, ಅದರ ಮೇಲೆ ಪರೀಕ್ಷಾ ಕೆಲಸ, ಪ್ರವೇಶದ ಕೆಲಸ, ಕಾಲೇಜಿನ ನವರಾತ್ರಿಯ ಗರ್ಬಾ ಸಮಿತಿ ಕೂಡ. ಇದರ ನಡುವೆ ಪಿಎಚ್‌ಡಿ. ವಜ್ರದೊಳಗೆ ಒಂದು ಇಂಗಾಲದ ಪರಮಾಣು ಬಿಟ್ಟುಹೋಗಿ, ಪಕ್ಕದಲ್ಲಿ ಬೇರೇನೋ ಸೇರಿಕೊಂಡರೆ ಏನಾಗುತ್ತದೆ ಎಂಬುದು ಅವರ ವಿಷಯ. ಇಂಥ ದೋಷಗಳಿಂದಲೇ ಕಲ್ಲಿಗೆ ಬಣ್ಣ ಬರುತ್ತದೆ. ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ವಜ್ರ ಸಾಣೆ ಹಿಡಿಯುವವರು. “ಅಪ್ಪಂದಿರು ದೋಷ ನೋಡಿ ಕಲ್ಲು ಬದಿಗಿಡ್ತಾರೆ ಬೆನ್, ನಾನು ಅದನ್ನೇ ಎತ್ಕೊಂಡಿದೀನಿ” ಎನ್ನುತ್ತಿದ್ದರು. ನಮ್ಮ ಮಾತು ಹಿಂದಿ, ಗುಜರಾತಿ ಬೆರೆತದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೆನ್ ಎಂದರೆ ಅಕ್ಕ.

ವಿಶ್ವವಿದ್ಯಾಲಯ ಅವರಿಗೆ ಎರಡು ಸಲ ಅವಧಿ ವಿಸ್ತರಿಸಿಯಾಗಿತ್ತು. ಈ ಸಲದ ಗಡುವು ತಪ್ಪಿದರೆ ನೋಂದಣಿಯೇ ರದ್ದು, ಏಳು ವರ್ಷದ ಕೆಲಸ ಮಣ್ಣುಪಾಲು. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಅವರ ಡಬ್ಬಿಯ ಥೇಪ್ಲಾ, ಅಂದರೆ ಮೆಂತ್ಯದ ಚಪಾತಿ, ತಿನ್ನುತ್ತ ಎಷ್ಟೋ ಗುರುವಾರ ಇದೇ ಮಾತಾಡಿದ್ದೇವೆ. ಅವರಿಗೆ ಏಳು ಬಗೆಯ ದೋಷಗಳ ಲೆಕ್ಕ ಬೇಕಿತ್ತು. ನನ್ನ ಮಾದರಿ ಫೈಲು ಹಿಡಿದು, ಕೆಳಗಿನ ಐದು ಸಾಲು ತುಂಬಿ, ನಾಲ್ಕು ತಿಂಗಳಲ್ಲಿ ಏಳನ್ನೂ ಮುಗಿಸಿದರು. ಹೇಳಿದ ಮಾತು ಕೇಳುವ ಜನ ಸಿಕ್ಕರೆ ಎಷ್ಟು ಸಲೀಸು ಎಂದು ಗಂಡನೆದುರು ಹೊಗಳಿದ್ದೆ.

ಆ ಕಾಲೇಜಿನಲ್ಲಿ ನಾನು ತಯಾರು ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬಳು ಅದೇ ಊರಿನ ವರಾಛಾ ಬಡಾವಣೆಯ ಹುಡುಗಿ. ಎಂಎಸ್ಸಿ ಮೊದಲ ವರ್ಷ. ಅವಳ ಅಪ್ಪನೂ ಸಾಣೆ ಕೆಲಸದವರು. ಹೆಚ್ಚು ಮಾತಾಡುವವಳಲ್ಲ, ಆದರೆ ಕೇಳಿದರೆ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಳು. ಅಧ್ಯಾಪಕಿಯ ಲೆಕ್ಕಗಳನ್ನು ಯಂತ್ರಕ್ಕೆ ಒಪ್ಪಿಸುವುದು ಅವಳ ಕೆಲಸ. ಲೆಕ್ಕಗಳು ಆಗಷ್ಟೇ ಶುರುವಾಗಿದ್ದ ದಿನಗಳವು. ಒಂದು ಗುರುವಾರ ನಾನು ವಾಪಸು ರೈಲಿಗೆ ಹೊರಟಿದ್ದೆ. ಸೆಕೆ, ಪಾದ ಊದಿಕೊಂಡು ಚಪ್ಪಲಿ ಬಿಗಿಯುತ್ತಿತ್ತು, ಆಟೊದವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ. ಅವಳು ಲ್ಯಾಪ್‌ಟಾಪನ್ನು ತೆರೆದೇ ಹಿಡಿದುಕೊಂಡು ಕಾರಿಡಾರಿನಲ್ಲಿ ಬಂದಳು.

“ಮೇಡಂ, ಈ ಏಳನೇ ಸಾಲು. ಸ್ಪಿನ್ ಒಂದು ಅಂತಿದೆ. ನಮ್ಮದರಲ್ಲಿ ಜೋಡಿ ಇಲ್ಲದ ಎಲೆಕ್ಟ್ರಾನ್ ಇರುತ್ತಲ್ಲ, ಅಲ್ಲಿ ಎರಡು ಅಂತ ಇರಬೇಕಲ್ವಾ?”

ಅವಳು ಕೇಳಿದ್ದು ಇಷ್ಟೇ. ಎಲೆಕ್ಟ್ರಾನುಗಳಿಗೆ ಎರಡು ಬಗೆಯ ತಿರುಗು, ಅಂದರೆ ಸ್ಪಿನ್, ಇದೆ. ಅಲ್ಯೂಮಿನಿಯಂನಂಥ ಲೋಹದಲ್ಲಿ ಅವು ಜೋಡಿಜೋಡಿಯಾಗಿ ಸಮನಾಗಿಬಿಡುವುದರಿಂದ ಬೇರೆಬೇರೆಯಾಗಿ ಎಣಿಸಬೇಕಿಲ್ಲ, ಆಗ ‘ಒಂದು’ ಎಂದು ಬರೆಯುತ್ತೇವೆ, ಲೆಕ್ಕ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ವಜ್ರದ ದೋಷದಲ್ಲಿ ಒಂಟಿ ಎಲೆಕ್ಟ್ರಾನು ಉಳಿಯುತ್ತದೆ, ಕಾಂತಗುಣ ಬರುವುದೇ ಅದರಿಂದ. ಅಲ್ಲಿ ಬೇರೆಬೇರೆಯಾಗಿ ಎಣಿಸಲೇಬೇಕು, ‘ಎರಡು’ ಎಂದು ಬರೆಯಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಅರ್ಧ ನಿಮಿಷ ನಿಂತು ಯೋಚಿಸಿದ್ದರೆ ಸಾಕಿತ್ತು.

“ಮೇಲಿನ ಸಾಲು ಮುಟ್ಟಬೇಡಿ ಅಂತ ಬರೆದಿದೀನಲ್ಲ? ನಿಮ್ಮ ಭಾಷೆಯಲ್ಲೂ ಬರೆದಿದೀನಿ. ಓದಕ್ಕೆ ಬರಲ್ವಾ?” ಎಂದೆ.

“ಜೀ ಮೇಡಂ” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಆಟೊ ಹತ್ತಿದೆ. ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು ಎಂದು ಖುಷಿಪಟ್ಟಿದ್ದು ನೆನಪಿದೆ.

ನಾಲ್ಕು ತಿಂಗಳ ನಂತರ ಒಂದು ಭಾನುವಾರ ಬೆಳಿಗ್ಗೆ ಅಧ್ಯಾಪಕಿಯ ಫೋನ್ ಬಂತು. ಅವರ ಮಾರ್ಗದರ್ಶಕರು ಫಲಿತಾಂಶ ನೋಡಿ, ಎಲ್ಲರಿಗೂ ಗೊತ್ತಿರುವ ಒಂದು ದೋಷದ ಕಾಂತಗುಣವೇ ಇದರಲ್ಲಿ ಸೊನ್ನೆ ಬಂದಿದೆಯಲ್ಲ, ಏನು ಮಾಡಿದಿರಿ ಎಂದು ಕೇಳಿದ್ದರಂತೆ. ನಾನು ಊಟದ ಮೇಜಿನ ಮೇಲೆ ಹುರುಳಿಕಾಯಿ ಬಿಡಿಸುತ್ತಿದ್ದೆ. ಅದನ್ನು ಸರಿಸಿ ಲ್ಯಾಪ್‌ಟಾಪ್ ತೆರೆದೆ. ಫೈಲು ತೆರೆದ ಕೂಡಲೇ ಏಳನೇ ಸಾಲು ಕಂಡಿತು. ಕಾರಿಡಾರಿನಲ್ಲಿ ನಿಂತ ಹುಡುಗಿಯ ಮುಖವೂ ಆಗಲೇ ನೆನಪಾಯಿತು.

ನಾನು ಕೆಟ್ಟವಳಲ್ಲ ಎಂದು ಹೇಳಿಕೊಳ್ಳಲು ಇರುವುದು ಇದೊಂದೇ: ಆಗಲೇ ಫೋನಿನಲ್ಲೇ ಒಪ್ಪಿಕೊಂಡೆ. ಫೈಲು ನನ್ನದು, ತಪ್ಪು ನನ್ನದು, ಏಳು ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ, ಮತ್ತೆ ಮಾಡಬೇಕು, ಈ ಸಲ ದುಪ್ಪಟ್ಟು ಹೊತ್ತು ಹಿಡಿಯುತ್ತದೆ ಎಂದೆ. ಆ ಕಡೆಯಿಂದ ಕುಕ್ಕರ್ ಕೂಗುವುದು ಕೇಳಿಸಿತು. ಆಮೇಲೆ, “ಚಾಲ್ಶೆ ಬೆನ್, ಮತ್ತೆ ಮಾಡೋಣ” ಎಂದರು. ಚಾಲ್ಶೆ ಎಂದರೆ ನಡೆಯುತ್ತೆ ಬಿಡಿ. ಗುಜರಾತಿನವರು ಹಾಲು ಒಡೆದರೂ ಮನೆ ಬಿದ್ದರೂ ಹೇಳುವ ಮಾತು. ಅವತ್ತು ಅವರು ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗಡುವಿಗೆ ಎರಡೂವರೆ ತಿಂಗಳಿತ್ತು. ಯಂತ್ರದಲ್ಲಿ ಪ್ರತಿ ಕಾಲೇಜಿಗೂ ಸರದಿ. ನಾನು ವಡೋದರಾದ ಮೇಷ್ಟ್ರನ್ನು ಹೋಗಿ ಕೇಳಿದೆ. ಪುಣ್ಯಾತ್ಮ, ಕಾರಣವನ್ನೂ ಕೇಳದೆ ಮೂರು ವಾರದ ತಮ್ಮ ಸರದಿ ಬಿಟ್ಟುಕೊಟ್ಟರು. ಅಹಮದಾಬಾದಿನ ಕಾಲೇಜಿನವರು ತಮ್ಮಲ್ಲಿ ತಪಾಸಣಾ ಸಮಿತಿ ಬರುತ್ತಿದೆ, ಆಗುವುದಿಲ್ಲ ಎಂದರು. ತಪ್ಪೆನ್ನಲಾರೆ, ಅವರಿಗೂ ಅವರ ಕಷ್ಟ. ಸೂರತ್‌ನಲ್ಲಿ ಆ ಹುಡುಗಿ ಊಟದ ಬಿಡುವಿನಲ್ಲೂ ಕೂತು ಲೆಕ್ಕ ಒಪ್ಪಿಸಿದಳು, ನಿಂತುಹೋದದ್ದನ್ನು ಎಬ್ಬಿಸಿದಳು. ತಾನು ಮೊದಲೇ ಕೇಳಿದ್ದೆ ಎಂದು ಒಂದು ಮಾತೂ ಆಡಲಿಲ್ಲ. ನಾನು ಅವಳ ಹತ್ತಿರ ಕ್ಷಮೆ ಕೇಳಬೇಕೆಂದು ಪ್ರತಿ ವಾರ ರೈಲಿನಲ್ಲಿ ಅಂದುಕೊಂಡು ಹೋಗುತ್ತಿದ್ದೆ. ಹೋದ ಮೇಲೆ ಕೆಲಸ, ಗಲಾಟೆ, ಸುಸ್ತು. ಕೇಳಲಿಲ್ಲ. ಸುಸ್ತು ಎಂಬುದು ನನಗೆ ಎಲ್ಲದಕ್ಕೂ ಒದಗುವ ಕಾರಣವಾಗಿಬಿಟ್ಟಿತ್ತು.

ಗಡುವಿನ ಹೊತ್ತಿಗೆ ಏಳರಲ್ಲಿ ನಾಲ್ಕು ಮುಗಿದವು. ಮಾರ್ಗದರ್ಶಕರು ನಾಲ್ಕರಿಂದ ಪ್ರಬಂಧ ಆಗುವುದಿಲ್ಲ, ಮೂರನೇ ಸಲ ವಿಸ್ತರಣೆ ಕೇಳಿ ಎಂದರು. ಮೂರನೇ ಸಲ ಸುಮ್ಮನೆ ಕೊಡುವುದಿಲ್ಲ. ಅಭ್ಯರ್ಥಿಯ ಕೈಮೀರಿದ ಕಾರಣವಿರಬೇಕು, ಯಂತ್ರದಿಂದಲೋ ಬೇರೆಯವರಿಂದಲೋ ತೊಂದರೆಯಾಗಿದೆ ಎಂದು ಸಂಬಂಧಪಟ್ಟವರಿಂದಲೇ ಒಂದು ಪತ್ರ ಬರೆಸಿ ಲಗತ್ತಿಸಬೇಕು. ಅಂಥದ್ದಿದ್ದರೆ ಕೊಡುತ್ತಾರೆ, ಕೊಟ್ಟದ್ದನ್ನು ತಾವೇ ನೋಡಿದ್ದುಂಟು ಎಂದೂ ಮಾರ್ಗದರ್ಶಕರು ಹೇಳಿದ್ದರು.

ಮುಂದಿನ ಗುರುವಾರ ಅಧ್ಯಾಪಕಿ ಸ್ಟಾಫ್ ರೂಮಿನಲ್ಲಿ ಒಂದು ಹಾಳೆಯನ್ನು ನನ್ನ ಮುಂದಿಟ್ಟರು. “ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂಚೂರು ನೋಡಿಕೊಡಿ ಬೆನ್.” ವಿಸ್ತರಣೆ ಕೋರುವ ಅರ್ಜಿ. ಓದಿದೆ. ‘ನನ್ನ ಅಜಾಗರೂಕತೆಯಿಂದ ಲೆಕ್ಕದಲ್ಲಿ ತಪ್ಪಾದ ಕಾರಣ’ ಎಂದು, ತಮ್ಮದೇ ತಪ್ಪೆಂಬಂತೆ ಬರೆದಿದ್ದರು. ನನ್ನ ಸುದ್ದಿ ಇಲ್ಲ, ಮಾದರಿ ಫೈಲಿನ ಸುದ್ದಿ ಇಲ್ಲ. ಜೊತೆಗೆ ಲಗತ್ತೂ ಇಲ್ಲ.

“ಇದು ಸರಿಯಲ್ಲ. ತಪ್ಪು ನನ್ನದು ಅಂತ ಬರೀರಿ. ನಾನು ಪತ್ರ ಕೊಡ್ತೀನಿ” ಎಂದೆ.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮುಂದಿನ ತಿಂಗಳು ನಿಮ್ಮ ಸಂಸ್ಥೆಯಲ್ಲಿ ಮೀಟಿಂಗ್ ಇದೆಯಲ್ಲ, ಈ ವ್ಯವಸ್ಥೆ ಇನ್ನೂ ನಡೆಸಬೇಕೋ ಬೇಡವೋ ಅಂತ. ಅವರು ಕಳಿಸಿದ ತಜ್ಞರಿಂದಲೇ ಹೀಗಾಯ್ತು ಅಂತ ಕಾಗದ ಹುಟ್ಟಿದ್ರೆ ನಾಳೆಯೇ ನಿಲ್ಲಿಸ್ತಾರೆ. ನೆಪ ಹುಡುಕ್ತಾನೇ ಇದಾರೆ. ಈ ಮಕ್ಕಳು ಎಲ್ಲಿಗೆ ಹೋಗ್ತಾರೆ? ನಮ್ಮಂಥ ಕಾಲೇಜಿಗೆ ಇನ್ನೊಂದು ಸಲ ಯಾರು ಯಂತ್ರ ಕೊಡ್ತಾರೆ? ನನ್ನೊಬ್ಬಳ ಪಿಎಚ್‌ಡಿಗೆ ಮೂರು ಕಾಲೇಜಿನದು ಹೋಗೋದು ಬೇಡ.”

“ಆದರೂ” ಎಂದೆ.

“ನೀವು ಇಂಗ್ಲಿಷ್ ನೋಡಿ ಬೆನ್” ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಂಸ್ಥೆಯಲ್ಲಿ ಕೆಲವರಿಗೆ ಈ ವ್ಯವಸ್ಥೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಆದರೆ ನಾನು ಎರಡನೇ ಸಲ ಒತ್ತಾಯಿಸದೆ ಇದ್ದದ್ದು ಮೂರು ಕಾಲೇಜಿನ ಮಕ್ಕಳಿಗಾಗಿ ಅಲ್ಲ. ಮೂವತ್ತು ವರ್ಷ ಒಂದೂ ತಪ್ಪಿಲ್ಲದೆ ಕೆಲಸ ಮಾಡಿದವಳು ಎಂಬ ಹೆಸರು ಆ ಸಂಸ್ಥೆಯಲ್ಲಿ ನನಗಿತ್ತು. ಆ ಚಿಕ್ಕವನ ಮುಂದೆ ಮತ್ತೆ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಮೊದಲ ಸಲ ಹೇಳಿದ್ದು ಮನಸ್ಸಿನಿಂದಲೇ, ಆದರೆ ಅವರು ಬೇಡವೆಂದಾಗ ಒಳಗೆಲ್ಲೋ ನಿರಾಳವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಪೆನ್ನು ತೆಗೆದುಕೊಂಡೆ. ಒಂದು ಕ್ರಿಯಾಪದ ಸರಿಮಾಡಿದೆ, ಒಂದು ಉದ್ದನೆಯ ವಾಕ್ಯವನ್ನು ಎರಡು ಮಾಡಿದೆ, ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎನ್ನುವಲ್ಲಿ ತಪ್ಪಿದ್ದ ಅಕ್ಷರ ತಿದ್ದಿದೆ. ‘ನನ್ನ ಅಜಾಗರೂಕತೆಯಿಂದ’ ಎಂಬುದನ್ನು ಹಾಗೇ ಬಿಟ್ಟೆ. ಅವರು ಥ್ಯಾಂಕ್ಸ್ ಹೇಳಿ ಹಾಳೆ ತೆಗೆದುಕೊಂಡು ಟೈಪು ಮಾಡಿಸಲು ಹೋದರು.

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಟಿವಿಯ ಶಬ್ದ ತಗ್ಗಿಸಿ ಕೇಳಿದರು. “ನೀನು ಬೇರೆ ಪತ್ರ ಬರ್ದು ಯೂನಿವರ್ಸಿಟಿಗೆ ನೇರ ಹಾಕ್ಬೋದಿತ್ತಲ್ಲ?” ಎಂದರು. ಹಾಕಬಹುದಿತ್ತು. ವಿಳಾಸ ಗೊತ್ತಿತ್ತು, ಒಂದು ಪುಟದ ಕೆಲಸ. ನಾಳೆ ನೋಡೋಣ ಎಂದೆ. ಮಾರನೇ ದಿನ ಅಹಮದಾಬಾದಿನ ಕಾಲೇಜಿನಲ್ಲಿ ತಪಾಸಣೆಯ ಗದ್ದಲ, ಅದರ ಮಾರನೇ ದಿನ ಜ್ವರ. ಆಮೇಲೆ ಬರೆಯಲು ಕೂತೆ, ಎರಡು ಸಾಲು ಬರೆದೆ, ನಿಲ್ಲಿಸಿದೆ. ಗಂಡ ಮತ್ತೆ ಕೇಳಲಿಲ್ಲ.

ತಿಂಗಳಾಗುವಷ್ಟರಲ್ಲಿ ವಿಶ್ವವಿದ್ಯಾಲಯದ ಉತ್ತರ ಬಂತು. ಅಭ್ಯರ್ಥಿಯ ಸ್ವಂತ ಅಜಾಗರೂಕತೆ ವಿಸ್ತರಣೆಗೆ ಕಾರಣವಾಗಲಾರದು, ನೋಂದಣಿ ರದ್ದಾಗಿದೆ. ಸಂಸ್ಥೆಯ ಮೀಟಿಂಗಿನಲ್ಲಿ ಈ ವ್ಯವಸ್ಥೆಯನ್ನು ಇನ್ನೂ ಎರಡು ವರ್ಷ ಮುಂದುವರಿಸಿದರು. ಒಳ್ಳೆಯ ಕೆಲಸವಾಗುತ್ತಿದೆ ಎಂದು ನನ್ನನ್ನು ಹೊಗಳಿ ಒಂದು ಸಾಲು ನಡಾವಳಿಯಲ್ಲಿ ಬಂದಿದೆ. ನಾನು ಮಾದರಿ ಫೈಲನ್ನು ತೆಗೆದುಹಾಕಿದೆ. ಈಗ ಪ್ರತಿಯೊಬ್ಬರೂ ಮೊದಲ ಸಾಲಿನಿಂದ ತಾವೇ ಬರೆಯಬೇಕು, ಪ್ರತಿ ಸಾಲೂ ಯಾಕೆ ಎಂದು ಹೇಳಬೇಕು. ಯಂತ್ರ ಆಗಾಗ ನಿಲ್ಲುತ್ತದೆ, ಬೈಸಿಕೊಳ್ಳುತ್ತೇನೆ.

ಅಧ್ಯಾಪಕಿ ಮೊದಲಿನಂತೆಯೇ ಇದ್ದಾರೆ. ಹದಿನೆಂಟು ತರಗತಿ, ಪರೀಕ್ಷೆ, ಪ್ರವೇಶ. ಗುರುವಾರ ನನಗೆಂದು ಎರಡು ಥೇಪ್ಲಾ ಹೆಚ್ಚು ತರುವುದನ್ನು ಬಿಟ್ಟಿಲ್ಲ. ತಿನ್ನುವುದು ಕಷ್ಟ, ಬೇಡ ಎನ್ನುವುದು ಇನ್ನೂ ಕಷ್ಟ. ಉತ್ತರ ಬಂದ ವಾರ ಮಾತ್ರ ಅವರು ರಜೆ ಹಾಕಿದ್ದರು. ಆ ಗುರುವಾರ ಪ್ರಯೋಗಾಲಯದಲ್ಲಿ ನಾನು ಮತ್ತು ಆ ವರಾಛಾದ ಹುಡುಗಿ ಇಬ್ಬರೇ ಇದ್ದೆವು. ಅವಳು ಉಳಿದ ಮೂರು ಲೆಕ್ಕಗಳನ್ನು ಓಡಿಸುತ್ತಿದ್ದಳು. ಯಾರಿಗೆ ಬೇಕು ಈಗ ಎಂದು ನಾನು ಕೇಳಲಿಲ್ಲ.

“ಮ್ಯಾಮ್‌ಗೆ ಟೈಮ್ ಕೊಡಲಿಲ್ಲ ಅಲ್ವಾ ಮೇಡಂ?” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

“ಇಲ್ಲ.”

“ಫೈಲು ನಿಮ್ಮದು ಅಂತ ಅವರಿಗೆ ಗೊತ್ತಾ? ಯೂನಿವರ್ಸಿಟಿಯವರಿಗೆ?”

“ಇಲ್ಲ” ಎಂದೆ.

ಅವಳು ಈಗ ತಿರುಗಿ ನನ್ನನ್ನು ನೋಡಿದಳು. ಕೋಪವೇನೂ ಇರಲಿಲ್ಲ. ಇನ್ನೂ ಏನಾದರೂ ಹೇಳುತ್ತೇನೇನೋ ಎಂದು ಸ್ವಲ್ಪ ಹೊತ್ತು ಕಾದಳು. ಅವಳು ಮತ್ತೆ ಪರದೆಯ ಕಡೆ ತಿರುಗಿದಳು.

ಸ್ವಲ್ಪ ಹೊತ್ತಿಗೆ ಲೆಕ್ಕವೊಂದು ನಡುವೆಯೇ ನಿಂತು ಪರದೆಯ ಮೇಲೆ ಏನೋ ದೋಷ ತೋರಿಸಿತು. ಅವಳು ಅದನ್ನು ಎರಡು ಸಲ ಓದಿದಳು, ಕೈಪಿಡಿ ತೆರೆದಳು, ಒಂದೊಂದೇ ಪುಟ ಹುಡುಕತೊಡಗಿದಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಉತ್ತರ ನನಗೆ ಗೊತ್ತಿತ್ತು. ಅವಳು ಕೇಳಲಿಲ್ಲ.